ಬಡಕಲು ಮರಿಯ ತಾಯಕ್ಕ

ಕಂಪ್ಲಿಯ ಅಕ್ಕಿ ಗಿರಣಿಯ ಹಿಂದೆ ಹಂದಿ ಸಾಕುತ್ತಿದ್ದ ತಾಯಕ್ಕನ ದನಿ ಈಗಲೂ ನನ್ನ ಕಿವಿಯಲ್ಲಿದೆ. ಹಂದಿ ಈದರೆ ಅವಳಿಗೆ ಮನೆಮಗಳ ಬಾಣಂತನದ ಸಡಗರ. ದಷ್ಟಪುಷ್ಟ ಮರಿಗಳನ್ನು ಪಕ್ಕಕ್ಕೆ ತಳ್ಳಿ, ಬಡಕಲು ಮರಿಯನ್ನೇ ಹೆಚ್ಚು ಹಾಲಿರುವ ಮುಂದಿನ ಮೊಲೆಗೆ ಹಚ್ಚಿ, “ಕುಡಿಯಲೇ ರಾಜಾ, ಅವರು ಆಮ್ಯಾಲೆ ಕುಡೀತಾರ” ಎನ್ನುತ್ತಿದ್ದಳು. ಅದು ಮೇವಿಗೆ ಬಂದರೆ ತೌಡಿಗೆ ಶೇಂಗಾ ಹಿಂಡಿ ಕಲಸಿ, ಮೊಮ್ಮಗನಿಗೆ ಉಣಿಸುವಂತೆ ಅಂಗೈಯಲ್ಲೇ ತಿನ್ನಿಸುವಳು. “ಸಾಯೋ ಮರಿಗೆ ಇಷ್ಟ್ಯಾಕ ತಾಯಕ್ಕ?” ಎಂದು ನಾನೊಮ್ಮೆ ನಕ್ಕೆ. “ಎಳೇದಿದ್ದಾಗ ಹೊಟ್ಟಿ ತುಂಬಿದ್ರನ ಮೈ ಬೆಳಿತೈತ್ರಿ. ಆಮ್ಯಾಲೆ ಎಷ್ಟು ಹಾಕಿದ್ರೂ ಅಷ್ಟ. ನಾ ಮನಿಗೆ ಕೊನೇಕಿ, ನನ್ನ ಪಾಲಿಗೆ ಗಂಜಿ ಉಳೀತಿದ್ದಿಲ್ಲ” ಎಂದು ಅವಳೂ ನಕ್ಕಳು. ಹಂದಿಗೂಡಿನ ಗೋಡೆ ನನಗೆ ಎದೆಮಟ್ಟ. ಒಳಗಿನ ಮರಿಗಳನ್ನು ನೋಡಲು ತಾಯಕ್ಕ ಕಲ್ಲು ಹತ್ತಿ ನಿಂತಿದ್ದಳು.