ಎದುರಿಗೆ ನುಂಗಿಸಬೇಕಾದ ಮಾತ್ರೆ

ಗುಂಡ್ಲುಪೇಟೆ ದಾಟಿ ಕೇರಳ ಗಡಿಯ ಮದ್ದೂರಿನ ಕಡೆಯ ಉಪಕೇಂದ್ರಕ್ಕೆ ನನ್ನನ್ನು ನರ್ಸಾಗಿ ಹಾಕಿದಾಗ, ಚಾಮರಾಜನಗರದ ಮನೆಯಲ್ಲಿ ಅಮ್ಮಿ ಎರಡು ದಿನ ಅತ್ತಿದ್ದರು. ಅವರ ಭಯವೆಲ್ಲ ಆನೆಯದು. ಆನೆ ನನಗೇನೂ ಮಾಡಲಿಲ್ಲ. ನನ್ನನ್ನು ತಿಂದದ್ದು ನಡಿಗೆ. ಐದು ಹಳ್ಳಿ, ಕಾಡಂಚಿನಲ್ಲಿ ಆದಿವಾಸಿಗಳ ಎರಡು ಹಾಡಿ, ದಿನಕ್ಕೆರಡು ಬಸ್ಸು, ನಾನೊಬ್ಬಳು. ಬಾಣಂತಿಯರು, ಕೂಸುಗಳ ಲಸಿಕೆ, ಪೋಲಿಯೋ ಡ್ಯೂಟಿ, ಮಲೇರಿಯಾಕ್ಕೆ ರಕ್ತ ತೆಗೆಯುವುದು, ಎಲ್ಲಕ್ಕೂ ನಾನೇ. ಮನೆಯಲ್ಲಿ ಉರ್ದು ಆಡಿ ಬೆಳೆದವಳಿಗೆ ಹಾಡಿಯ ಮಾತು ಕಿವಿಗೆ ಹತ್ತಲು ಒಂದು ವರ್ಷ ಬೇಕಾಯಿತು. ಮಂಡಿನೋವು ಹತ್ತಲು ಅಷ್ಟೂ ಬೇಕಾಗಲಿಲ್ಲ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಆಗ ಟಿ.ಬಿ. ಮಾತ್ರೆಯನ್ನು ರೋಗಿಯ ಕೈಗಿಟ್ಟು ಬರುವ ಹಾಗಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಡಬ್ಬ, ಅದರ ಮೇಲೆ ಅವರ ಹೆಸರು. ಮೊದಲೆರಡು ತಿಂಗಳು ವಾರಕ್ಕೆ ಮೂರು ಸಲ ನಮ್ಮೆದುರಿಗೇ ನುಂಗಬೇಕು. ಆಮೇಲಿನ ನಾಲ್ಕು ತಿಂಗಳು ವಾರಕ್ಕೊಂದು ಮಾತ್ರೆ ಪಟ್ಟಿ. ವಾರದ ಮೂರು ಸಲದಲ್ಲಿ ಮೊದಲನೆಯದು ನಮ್ಮೆದುರು, ಉಳಿದೆರಡನ್ನು ಅವರು ಮನೆಯಲ್ಲಿ ನುಂಗಿ ಖಾಲಿ ಪಟ್ಟಿ ತಂದು ತೋರಿಸಬೇಕು.

ದೂರದ ಹಾಡಿಯ ಆ ಹೆಂಗಸಿಗೆ ಮೂವತ್ತೂ ತುಂಬಿರಲಿಲ್ಲ. ಎರಡು ಮಕ್ಕಳ ತಾಯಿ. ಮೊದಲ ಸಲ ನೋಡಿದಾಗ ಕೆಮ್ಮಿದರೆ ರಕ್ತ ಬರುತ್ತಿತ್ತು, ಕೂತರೆ ಏಳಲಾಗುತ್ತಿರಲಿಲ್ಲ. ಎರಡು ತಿಂಗಳು ಬಸ್ಸಿಳಿದು, ಲಂಟಾನದ ಪೊದೆಗಳ ನಡುವಿನ ದಾರಿಯಲ್ಲಿ ಗಂಟೆಗಟ್ಟಲೆ ನಡೆದು, ಬೈಯುತ್ತಲೇ ಹೋಗಿ ನುಂಗಿಸಿ ಬಂದೆ. ಕೆಮ್ಮು ನಿಂತಿತು. ಅವಳು ಸೌದೆಗೆ ಹೋಗತೊಡಗಿದಳು. ಕಫ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಅಬ್ಬಾ, ಒಂದು ಜೀವ ಉಳಿಯಿತು ಎಂದುಕೊಂಡೆ.

ಆಮೇಲೆ ನಾನು ಸೋತೆ. ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಪೋಲಿಯೋ ಸುತ್ತು ಬಂತು, ಮಂಡಿ ಊದಿತು, ಹೋಗಬೇಕೆಂದರೆ ಅಳು ಬರುತ್ತಿತ್ತು. ‘ಲಸಿಕೆ ದಿನ ಅಂಗನವಾಡಿಗೆ ಬಂದು ತಿಂಗಳಿಗಾಗುವಷ್ಟು ಪಟ್ಟಿ ಒಟ್ಟಿಗೇ ತಗೊಂಡು ಹೋಗಮ್ಮ’ ಎಂದುಬಿಟ್ಟೆ. ಅವಳು ತಪ್ಪದೆ ಬರುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಖಾಲಿ ಪಟ್ಟಿಗಳನ್ನು ಒಂದೊಂದಾಗಿ ನನ್ನ ಮುಂದೆ ಇಡುತ್ತಿದ್ದಳು. ನಾನು ಅವಳ ಚಿಕಿತ್ಸಾ ಕಾರ್ಡಿನಲ್ಲಿ ಇಡೀ ತಿಂಗಳಿಗೆ ಒಂದೇ ಉಸಿರಿಗೆ ಗುರುತು ಹಾಕುತ್ತಿದ್ದೆ. ಇಷ್ಟು ಶಿಸ್ತಿನ ರೋಗಿ ತಾಲ್ಲೂಕಿನಲ್ಲೇ ಇಲ್ಲ ಎಂದು ಮೀಟಿಂಗಿನಲ್ಲಿ ಹೊಗಳಿದ್ದೂ ಉಂಟು.

ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಕೇರಳದ ಶುಂಠಿ ಹೊಲಗಳಿಂದ ಕೂಲಿಯವರನ್ನು ತುಂಬಿಕೊಂಡು ಮೇಸ್ತ್ರಿಯ ಜೀಪು ಬಂತು. ಅವಳ ಗಂಡ ಇಳಿದು ನನ್ನ ಹತ್ತಿರ ಬಂದ. ಟವಲಿನಲ್ಲಿ ಬಾಯಿ ಮುಚ್ಚಿ ಕೆಮ್ಮಿ, ಅತ್ತಿತ್ತ ನೋಡಿ ಕೇಳಿದ.

“ನರ್ಸವ್ವ, ಯೋಳಕೆ ನಾಚ್ಕೆ ಆಯ್ತದೆ. ವಾರ್ದಲ್ಲಿ ಎಲ್ಡು ದಿನ ಉಚ್ಚೆ ಕೆಂಪುಗೆ ಓಯ್ತದೆ. ಶುಂಠಿಗೆ ಒಡಿಯೋ ಔಸ್ದಿ ಮೈಗಿಳ್ದದಾ?”

ಟಿ.ಬಿ. ಮಾತ್ರೆ ನುಂಗಿದವರಿಗೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ ಎಂದು ಪ್ರತಿಯೊಬ್ಬ ರೋಗಿಗೂ ಮೊದಲ ದಿನವೇ ಹೇಳುವವಳು ನಾನು.

“ಹೆಂಡತಿ ಏನಾದ್ರೂ ಮಾತ್ರೆ ಕೊಡ್ತಾಳಾ?”

“ಸಕ್ತಿ ಮಾತ್ರೆ ಕೊಡ್ತಳೆ. ನೀವೇ ಕೊಟ್ಟಿದ್ದು ಅಂದ್ಲು.”

ಮರುದಿನ ಮಂಡಿಗೆ ಬಟ್ಟೆ ಸುತ್ತಿಕೊಂಡು ಹಾಡಿಗೆ ಹೋದೆ. ದಾರಿಯುದ್ದಕ್ಕೂ ಬಾಯಿಗೆ ಬಂದದ್ದನ್ನು ಅವಳ ಮುಂದೆಯೂ ಆಡಿದೆ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು. ನನ್ನ ಕೂಗು ಮುಗಿದ ಮೇಲೆ ಮೊರವನ್ನು ಕೆಳಗಿಟ್ಟಳು.

“ಅವ್ರಿಗೂ ಕೆಮ್ಮು ಕಣವ್ವ. ಡಬ್ಬದ ಮ್ಯಾಲೆ ಎಸ್ರು ಬಂದ್ರೆ ಮೇಸ್ತ್ರಿ ಜೀಪ್ಗೆ ಅತ್ತುಸ್ಕಳಕಿಲ್ಲ. ನಂಗೆ ವಾಸಿ ಆಗಿತ್ತಲ್ಲ. ಅದ್ಕೆ ವಾರಕ್ಕೆ ಎಲ್ಡು ದಿನದ್ದು ಅವ್ರಿಗೆ ಕೊಟ್ಬುಟ್ಟೆ.”

ವಾರಕ್ಕೆ ಮೂರು ಸಲ ಬೇಕಾದವಳು ಒಂದು ಸಲ ನುಂಗಿದ್ದಳು. ಪ್ರತಿ ಸಲವೂ ನಾಲ್ಕು ಬಗೆಯ ಮಾತ್ರೆ ಬೇಕಾಗಿದ್ದ ಹೊಸ ರೋಗಿ ಅವಳ ಉಳಿಕೆ ನುಂಗಿದ್ದ. ಅರ್ಧ ಮದ್ದು ರೋಗಕ್ಕೇ ಮೇವು. ಇಬ್ಬರ ಕಫವನ್ನೂ ಪರೀಕ್ಷೆಗೆ ಕಳಿಸಿದೆ. ಇಬ್ಬರದರಲ್ಲೂ ರೋಗವಿತ್ತು. ಅವಳಿಗೆ ಮತ್ತೆ ಮೊದಲಿಂದ, ಈ ಸಲ ಎಂಟು ತಿಂಗಳು. ಮೊದಲೆರಡು ತಿಂಗಳು ಇಂಜೆಕ್ಷನ್ ಬೇರೆ.

ಇದನ್ನು ಹೇಳಿದಾಗ ಅವಳು ಅಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವಳಂತೆ ಅಂದಳು: “ನೀವು ಎದ್ರುಗೆ ನಿಂತಿದ್ರೆ ನಾನೇ ನುಂಗ್ತಿದ್ದೆ ಕಣವ್ವ. ನಿಮ್ ಕಣ್ಮುಂದೆ ಬಚ್ಚಿಡಕಾಯ್ತಿತ್ತಾ?”

ಮೊದಲು ನನಗೆ ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು.

ಗಂಡನ ಹೆಸರಿನ ಡಬ್ಬ ಬಂದ ವಾರವೇ ಮೇಸ್ತ್ರಿ ಅವನನ್ನು ಜೀಪಿನಿಂದ ಇಳಿಸಿದ. ಒಂದು ತಿಂಗಳು ನನ್ನೆದುರು ನುಂಗಿದವನು, ಆಮೇಲೆ ಯಾರಿಗೂ ಹೇಳದೆ ಕೊಡಗಿನ ಯಾವುದೋ ತೋಟಕ್ಕೆ ಹೊರಟುಹೋದ. ಮಳೆಗಾಲದಲ್ಲಿ ಅವನು ಅಲ್ಲೇ ತೀರಿಕೊಂಡ ಸುದ್ದಿ ಬಂತು, ಆಳು ಬರಲಿಲ್ಲ. ಅವಳು ಮಾತ್ರ ಎಂಟು ತಿಂಗಳೂ ಮುಗಿಸಿದಳು. ಒಂದು ಸರದಿಯೂ ನಾನು ತಪ್ಪಿಸಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಮುಖ ನನಗಿಲ್ಲ.

ಏಕೆಂದರೆ ಹೊಸ ಚಿಕಿತ್ಸೆ ಶುರುಮಾಡಿದ ದಿನ, ಹಿಂದಿನದು ಏಕೆ ಫಲ ಕೊಡಲಿಲ್ಲವೆಂದು ಅವಳ ಹೊಸ ಕಾರ್ಡಿನಲ್ಲಿ ಬರೆಯಬೇಕಾಗಿತ್ತು. ಕೆಲಸ ಹೋದರೆ ಎಂಬ ಹೆದರಿಕೆಯಿತ್ತು. ‘ರೋಗಿಯ ನಿರ್ಲಕ್ಷ್ಯ’ ಎಂದು ಬರೆದೆ. ಅವಳು ಪಕ್ಕದಲ್ಲೇ ಕೂತು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಗುಣವಾದ ಮೇಲೆ ಅವಳು ಆ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗುಡಿಸಲಿನ ತೊಲೆಗೆ ಸಿಕ್ಕಿಸಿಕೊಂಡಳು. ನಾನು ಹಾಡಿಗೆ ಹೋದಾಗಲೆಲ್ಲ ಅದನ್ನು ತೆಗೆದು ಅಕ್ಕಪಕ್ಕದ ಹೆಣ್ಣುಮಕ್ಕಳಿಗೆ ತೋರಿಸುತ್ತಿದ್ದಳು.

“ನೋಡ್ರಮ್ಮಿ, ನಮ್ ನರ್ಸವ್ವ ನನ್ ಉಳಿಸ್ಕಂಡ ಕಾರ್ಡು. ಎಷ್ಟು ಚೆಂದಾಗಿ ಬರ್ದವ್ರೆ ನೋಡಿ.”