ಮೋಲ್ಡ್ ಹಾಕಿಸಿದ ರಮ್ಯ

ನನಗೂ ರಮ್ಯಳಿಗೂ ಪರಿಚಯವಾದದ್ದು ಜಗಳದಿಂದ. ಚಿಕ್ಕಲಸಂದ್ರದ ನಮ್ಮ ಮನೆಯ ಗೇಟಿನ ಮುಂದೆಯೇ ಯಾರೋ ಒಂದು ಲಾರಿ ಮರಳು ಸುರಿದು ಹೋಗಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿನ ಸೈಟಿಗೆ ನುಗ್ಗಿದೆ. ಜಯನಗರದಲ್ಲಿ ಹೈಸ್ಕೂಲು ಟೀಚರ್ ಆಗಿ ರಿಟೈರ್ ಆದವಳು, ಗಂಟಲು ಇನ್ನೂ ಗಟ್ಟಿಯಾಗಿಯೇ ಇದೆ.

"ಯಾರ್ರೀ ಇಲ್ಲಿ ಯಜಮಾನ್ರು?"

ಚೂಡಿದಾರದ ಮೇಲೆ ಗಂಡಸಿನ ಹಳೇ ಶರ್ಟು ತೊಟ್ಟ ಹುಡುಗಿಯೊಬ್ಬಳು ಗೋಡೆಗೆ ನೀರು ಬಿಡುತ್ತಿದ್ದ ಪೈಪು ಹಿಡಿದುಕೊಂಡೇ ಬಂದಳು. "ಯಜಮಾನ್ರು ಬಾರ್ಡರ್‌ನಲ್ಲಿದಾರೆ ಆಂಟಿ. ಬರೋದು ಲೇಟಾಗತ್ತೆ. ಸದ್ಯಕ್ಕೆ ನನ್ನನ್ನೇ ಬೈದ್ಬಿಡಿ."

ಇನ್ನೇನು ಬೈಯಲಿ, ನನ್ನ ತಲೆ! ಒಳಗೆ ಕರೆದು ಕಾಫಿ ಕೊಟ್ಟೆ.

ರಮ್ಯಳ ಗಂಡ ಶಶಿಧರ್ ಮಿಲಿಟರಿಯವನು. ಹಳೇ ಹೆಂಚಿನ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಲೆಂದು ರಜೆ ಹಾಕಿ ಬಂದಿದ್ದ. ಗೋಡೆ ಎದ್ದಿತ್ತು, ಇನ್ನು ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟು ಹಾಕುವುದು ಒಂದು ಬಾಕಿ. ಅಷ್ಟರಲ್ಲಿ ಗಡಿಯಲ್ಲಿ ಗಲಾಟೆ ಶುರುವಾಗಿ, ರಜೆ ರದ್ದಾಗಿ, ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟ. ಉಳಿದವರು ಅವನ ತಾಯಿ ಅಕ್ಕಯಮ್ಮ ಮತ್ತು ರಮ್ಯ. ಅತ್ತೆ ಸೊಸೆ ಇಬ್ಬರೂ ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ಬಿಡಾರ ಹೂಡಿದ್ದರು. ಮಳೆ ಬಂದರೆ ಆ ಶೆಡ್ಡು ಸೋರುವುದಲ್ಲ, ಈಜುತ್ತದೆ.

ರಮ್ಯ ಅಲ್ಲಿಯವರೆಗೆ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡುತ್ತಿದ್ದವಳು. ಈಗ ಕಬ್ಬಿಣ, ಜಲ್ಲಿ, ಸಿಮೆಂಟು. ಮೇಸ್ತ್ರಿ ಹನಮಂತ ಒಳ್ಳೆಯ ಕೆಲಸಗಾರ, ಆದರೆ ಹೆಂಗಸಿನ ಕೈಕೆಳಗೆ ಕೆಲಸ ಮಾಡಿ ಅಭ್ಯಾಸವಿಲ್ಲ. ಏನು ಕೇಳುವುದಿದ್ದರೂ ಕಂಬದ ಕಡೆ ತಿರುಗಿ ಕೇಳುತ್ತಿದ್ದ. "ಸಾರ್‌ಗೆ ಒಂದ್ ಮಾತು ಕೇಳ್ಬೇಕಿತ್ತು..."

"ಕಂಬ ಮಾತಾಡಲ್ಲ ಹನಮಂತಣ್ಣ, ನಾನು ಮಾತಾಡ್ತೀನಿ. ನಾನೇ ಸಾರ್ ಅಂದ್ಕೊಂಡು ಕೇಳಿ."

ಒಂದು ವಾರದಲ್ಲಿ ಅವನ ಕುತ್ತಿಗೆ ಸರಿಯಾದ ಕಡೆ ತಿರುಗಿತು. ಇತ್ತ ನಮ್ಮ ಯಜಮಾನರು ಟಿವಿಯಲ್ಲಿ ಗಡಿಯ ಸುದ್ದಿ ನೋಡುತ್ತಾ ಕೂತು, ಸೋಫಾ ಬಿಟ್ಟು ಕದಲದೆ, ದಿನಕ್ಕೊಂದು ಊರು ಗೆಲ್ಲುತ್ತಿದ್ದರು. ಕಾಫಿ ಲೋಟ ಮಾತ್ರ ನಾನೇ ತೆಗೆಯಬೇಕು! ಅಯ್ಯೋ, ಆ ಹುಡುಗಿ ಸಿಮೆಂಟು ಮೂಟೆ ಎಣಿಸಿ ಇಳಿಸಿಕೊಳ್ಳುವುದನ್ನು ನೋಡಿದ ಮೇಲೆ ಲೋಟ ಅವರ ಕೈಗೇ ಕೊಟ್ಟು, ಸಿಂಕು ಎಲ್ಲಿದೆ ಎಂದು ತೋರಿಸಿದೆ.

ಆಮೇಲೆ ಗುಂಡಿನ ಚಕಮಕಿ ಜೋರಾಯಿತು. ಶಶಿಧರನ ಫೋನು ನಿಂತಿತು. ಅಕ್ಕಯಮ್ಮ ಮೊಬೈಲನ್ನು ಮುಷ್ಟಿಯಲ್ಲಿ ಹಿಡಿದು ಶೆಡ್ಡಿನ ಬಾಗಿಲಲ್ಲಿ ಕೂತವರು ಏಳಲೇ ಇಲ್ಲ. ಊಟಕ್ಕೆ ಕೂತರೂ ಎಡಗೈಯಲ್ಲಿ ಮೊಬೈಲು. ಸಾಲದ್ದಕ್ಕೆ ಇನ್ನೊಂದು ಹಠ ಹಿಡಿದರು. ಮೋಲ್ಡ್ ದಿನ ಪೂಜೆ ಮಾಡಿ, ಮೊದಲ ಬಾಂಡ್ಲಿ ಕಾಂಕ್ರೀಟು ಮನೆಯ ಗಂಡಸು ಸುರಿಯುವುದು ಅವರಲ್ಲಿ ಪದ್ಧತಿ. "ನನ್ ಮಗ ಬರೋಗಂಟ ಮೋಲ್ಡ್ ಇಲ್ಲ" ಎಂದರು.

ಆಕಾಶ ಕಪ್ಪಾಗುತ್ತಿತ್ತು. ಹನಮಂತ ತಲೆ ಕೆರೆದುಕೊಂಡು ಬಂದ. "ಮೇಡಂ, ನಾಳೆ ಹಾಕ್ಲಿಲ್ಲ ಅಂದ್ರೆ ಸೆಂಟ್ರಿಂಗ್ ಹಲಗೆ ಎಲ್ಲಾ ಬಿಚ್ಕೊಂಡು ಅರೆಕೆರೆ ಕೆಲಸಕ್ಕೆ ಹೋಗ್ಬೇಕು. ಆಮೇಲೆ ಮಳೆಗಾಲ ಮುಗಿದ್ಮೇಲೇನೇ."

ಅಂದರೆ ಇಡೀ ಮಳೆಗಾಲ ಆ ಶೆಡ್ಡಿನಲ್ಲಿ! ರಮ್ಯ ಹೇಳಿ ನೋಡಿದಳು, ಕೈಮುಗಿದಳು. ಅಕ್ಕಯಮ್ಮ ಜಪ್ಪಯ್ಯ ಅನ್ನಲಿಲ್ಲ. ನನಗೆ ರೇಗಿತು. "ಏನ್ರೀ ಅಕ್ಕಯಮ್ಮ, ಸೊಸೆ ಇಷ್ಟೆಲ್ಲಾ ಒದ್ದಾಡಿದಾಳೆ. ಒಂದ್ ಬಾಂಡ್ಲಿ ಅವಳು ಸುರಿದ್ರೆ ನಿಮ್ಮ ಗಂಟೇನು ಹೋಗತ್ತೆ?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಸೀತಮ್ಮೋರೆ, ಅವ್ಳ ಮ್ಯಾಲೆ ನಂಗೇನ್ ಸಿಟ್ಟು? ಅವನ್ ಕೆಲಸ ಇನ್ನೊಬ್ರು ಮಾಡ್ಬುಟ್ರೆ, ಅವ್ನು ಬರಾಕಿಲ್ಲ ಅಂತ ನಾವೇ ಒಪ್ಕಂಡಂಗಲ್ವಾ?"

ನಾನು ಪಕ್ಕಕ್ಕೆ ಸರಿದು ರಮ್ಯಳಿಗೆ ಜಾಗ ಬಿಟ್ಟೆ.

ರಮ್ಯ ಮಣ್ಣುಗೈಯಲ್ಲೇ ಅತ್ತೆಯ ಪಕ್ಕ ಕುಕ್ಕರಿಸಿದಳು. "ನಂಗೂ ಭಯ ಅತ್ತೆ. ನಲ್ಲಿ ಜೋರಾಗಿ ಬಿಟ್ಕೊಂಡು ಅಳ್ತೀನಿ, ನಿಮಗೆ ಕೇಳಬಾರ್ದು ಅಂತ. ಬರಲ್ಲ ಅಂತ ಮೋಲ್ಡ್ ಹಾಕಿಸ್ತಿಲ್ಲ, ಬರ್ತಾರೆ ಅಂತ್ಲೇ ಹಾಕಿಸ್ತಿರೋದು. ಬಂದೋರನ್ನ ಎಲ್ಲಿ ಮಲಗಿಸ್ಲಿ? ನಾನು ಬೇಡ, ನೀವೇ ಸುರೀರಿ. ಅವರನ್ನ ಹೆತ್ತ ಕೈ ಅಲ್ವಾ?"

"ನಾನಾ? ಅರಿಶಿನ ಕುಂಕುಮ ಇಲ್ದೋಳು, ಪೂಜೆ ತಾವ್ಕೆ ನನ್ನ ಯಾರ್ ಕರೀತಾರೆ?"

"ನಾನು ಕರೀತಿದೀನಲ್ಲ!"

ಅಕ್ಕಯಮ್ಮ ಸೊಸೆಯ ಕೆನ್ನೆಗೆ ಅಂಟಿದ್ದ ಸಿಮೆಂಟನ್ನು ಸೆರಗಿನಿಂದ ಒರೆಸಿದರು. ಅದೇ ಒಪ್ಪಿಗೆ ಎಂದು ನಮಗೆಲ್ಲ ಗೊತ್ತಾಯಿತು.

ಮಾರನೇ ಬೆಳಿಗ್ಗೆ ಮಿಕ್ಸರ್ ಗಡಗಡ ಎಂದಿತು. ಕೆಲಸದವರಿಗೆ ಬಿರಿಯಾನಿ ರಮ್ಯಳದು, ಕೇಸರಿಬಾತು ನನ್ನದು. ಅಕ್ಕಯಮ್ಮ ಏಣಿ ಹತ್ತುವಾಗ ಹನಮಂತ ಕೈ ಕೊಡಲು ಬಂದರೆ, "ದೂರ ನಿಂತ್ಕೊಳ್ಳಪ್ಪ, ಹುಣಸೆ ಮರ ಹತ್ತಿ ಬೆಳ್ದೋಳು ನಾನು" ಎಂದು ಗದರಿದರು. ಮೇಲೆ ಹೋದ ಮೇಲೆ, ಹಿಂದೆಯೇ ಹತ್ತಿ ಬಂದ ನನ್ನ ಕೈಗೆ ಮೊಬೈಲಿಟ್ಟು, "ಫೋನ್ ಬಂದ್ರೆ ಕೂಗಿ" ಎಂದು ಎರಡು ಸಲ ಹೇಳಿದರು. ಕಾಯಿ ಒಡೆದರು, ಕಣ್ಣು ಮುಚ್ಚಿ ಮಗನ ಹೆಸರು ಹೇಳಿ ಮೊದಲ ಬಾಂಡ್ಲಿ ಸುರಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಇನ್ನು ಇಳಿಯುತ್ತಾರೆ ಅಂದುಕೊಂಡರೆ, ಉಹೂಂ! "ಇನ್ನೊಂದ್ ತತ್ತಾ" ಎಂದರು. ಅದಾದ ಮೇಲೆ ಇನ್ನೊಂದು. ಸೊಸೆ ಎತ್ತಿ ಕೊಡುವುದು, ಅತ್ತೆ ಸುರಿಯುವುದು. ಆಳುಗಳು ನಗುತ್ತಾ ಅವರಿಗೆ ದಾರಿ ಬಿಟ್ಟರು.

ಅರ್ಧ ಮೋಲ್ಡ್ ಮುಗಿದಿರಬೇಕು, ನನ್ನ ಕೈಯಲ್ಲಿ ಮೊಬೈಲು ಕುಣಿಯಿತು. ಶಶಿ! ನಾನು ಕಿರುಚಿದ ರಭಸಕ್ಕೆ ಮಿಕ್ಸರಿನವನು ಹೆದರಿ ಯಂತ್ರ ಆರಿಸಿದ. ಸ್ಪೀಕರ್ ಹಾಕಿ ಅಕ್ಕಯಮ್ಮನ ಮುಂದೆ ಹಿಡಿದೆ.

"ಅವ್ವಾ... ಕೇಳಿಸ್ತಾ? ನಾನು ಚೆನ್ನಾಗಿದೀನಿ."

ಅಕ್ಕಯಮ್ಮನ ಕಣ್ಣಲ್ಲಿ ದಳದಳ ನೀರು. "ಚೆಂದಾಗಿದ್ಯಾ ಮಗಾ? ಕೈಕಾಲೆಲ್ಲ ನೆಟ್ಟಗೈತಾ?"

"ಎಲ್ಲಾ ನೆಟ್ಟಗಿದೆ ಅವ್ವಾ. ಮೋಲ್ಡ್ ನಿಲ್ಸಿದೀರಾ, ಅಥವಾ..."

"ಯಾಕ್ಲಾ ನಿಲ್ಸಾನ? ನಾನೂ ನಿನ್ನೆಂಡ್ರೂ ಹಾಕ್ತಾನೇ ಇದ್ದೀವಿ! ಮೋಡ ಕವಿದೈತೆ. ಇವಾಗ ಮಡುಗು, ಆಮ್ಯಾಕೆ ಮಾಡು."

ಅವ್ವನ ಮಾತು ಮೀರದ ಮಗ, ಫೋನು ಇಟ್ಟೇಬಿಟ್ಟ!

"ಅತ್ತೇ!" ರಮ್ಯ ಅಳುತ್ತಲೂ ನಗುತ್ತಲೂ ಕಾಲು ಅಪ್ಪಳಿಸಿದಳು. "ನಾನೂ ಒಂದ್ ಮಾತು ಆಡ್ಬೇಕಿತ್ತು!"

"ಆಡೀಯಂತೆ ಬುಡು" ಎಂದರು ಅಕ್ಕಯಮ್ಮ, ಎರಡೂ ಕೈ ಚಾಚಿ. "ನೆಟ್ಟಗವ್ನೆ ಕಣೇ! ಬಾಂಡ್ಲಿ ಕೊಡು."