ದಿನಕ್ಕೆ ನಾನೂರು ಸಲ ಬೀಳುವ ಅಕ್ಕ

ಬೆಳಗಿನ ಐದೂವರೆ. ಮೂರನೇ ಮಹಡಿಯ ಕಚೇರಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕಿಟಕಿ ಪಕ್ಕದ ಮೇಜಿನ ಮುಂದೆ ಐವತ್ಮೂರರ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿ, ವಿಡಿಯೊ ಗೇಮಿನ ಕಂಟ್ರೋಲರ್ ಹಿಡಿದು ಕೂತಿದ್ದಾರೆ. ಪರದೆಯ ಮೇಲೆ ಟೋಪಿ ಹಾಕಿದ ಗಿಡ್ಡನೊಬ್ಬ ಓಡಿ ಬಂದು ಗುಂಡಿಗೆ ಬೀಳುತ್ತಾನೆ. ಮತ್ತೆ ಓಡುತ್ತಾನೆ, ಮತ್ತೆ ಅಲ್ಲೇ ಬೀಳುತ್ತಾನೆ. ಹನ್ನೊಂದನೇ ಸಲ ಮಾತ್ರ ಬೀಳದೆ, ಗೋಡೆಯೊಳಗೆ ಅರ್ಧ ಹೂತು, ಗಾಳಿಯಲ್ಲಿ ಕಾಲು ಬಡಿಯುತ್ತ ನಿಂತುಬಿಡುತ್ತಾನೆ. ಅಕ್ಕನ ಮುಖ ಅರಳುತ್ತದೆ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ‘ಏಳನೇ ಲೆವೆಲ್, ಮೂರನೇ ಗುಂಡಿ, ಎಡ ಅಂಚು’ ಎಂದು ಬರೆದುಕೊಂಡು, ಫ್ಲಾಸ್ಕಿನಿಂದ ಅರ್ಧ ಲೋಟ ಚಹಾ ಬಗ್ಗಿಸಿಕೊಳ್ಳುತ್ತಾರೆ.

ಬೀಳುವುದೇ ಇವರ ಕೆಲಸ. ಆಟ ಜನರ ಕೈಗೆ ಹೋಗುವ ಮೊದಲು, ಆಡುವವರು ಎಲ್ಲೆಲ್ಲಿ ಎಡವಬಹುದೋ ಅಲ್ಲೆಲ್ಲ ತಾವೇ ಮೊದಲು ಎಡವಿ ನೋಡಬೇಕು. ಆಟದಲ್ಲಿ ಮೂವತ್ತೆಂಟು ಲೆವೆಲ್, ಇನ್ನೂರ ಹನ್ನೆರಡು ಗುಂಡಿಗಳಿವೆ. ಪ್ರತಿ ಗುಂಡಿಗೂ ಎಡದಿಂದ, ಬಲದಿಂದ, ಓಡುತ್ತ, ನಡೆಯುತ್ತ, ನಿಂತಲ್ಲಿಂದ ಬೀಳುತ್ತಾರೆ. ದಿನಕ್ಕೆ ಆರು ಗಂಟೆ, ಹತ್ತಿರ ಹತ್ತಿರ ನಾನೂರು ಸಲ. ಕಚೇರಿಯ ಎಂಟು ಮಂದಿಗೂ ಇವರು ‘ಬೀಳುವಕ್ಕ’. ನೆಂಟರಿಗೆ ಈ ಕೆಲಸ ಏನೆಂದು ವಿವರಿಸಿ ವಿವರಿಸಿ ಅಕ್ಕನಿಗೆ ಸಾಕಾಗಿದೆ. ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವ ಅವರ ಯಜಮಾನರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ನಮ್ಮನೇಲಿ ನಾನು ನಿಂತು ದುಡೀತೀನಿ, ಅವಳು ಬಿದ್ದು ದುಡೀತಾಳೆ.”

ಟೋಪಿ ಗಿಡ್ಡ ಹೊಸಬನಲ್ಲ. ಒಂದು ಕಾಲದಲ್ಲಿ ಶಾಲೆ ಬಿಟ್ಟ ಮಕ್ಕಳು ಮನೆಗೆ ಹೋಗುವುದನ್ನೂ ಮರೆತು ಓಡಿಸುತ್ತಿದ್ದ ಗಿಡ್ಡ. ಅವನ ಕೊನೆಯ ಆಟ ಬಂದು ಇಪ್ಪತ್ತಾರು ವರ್ಷವಾಯಿತು. ಆಮೇಲೆ ಅವನನ್ನು ಕೇಳುವವರೇ ಇರಲಿಲ್ಲ. ಈಗ ಈ ಪುಟ್ಟ ಕಚೇರಿ ಅವನನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಿದೆ. ಚಿತ್ರ ಹಳೆಯ ಕಾಲದಂತೆ ಚೌಕ ಚೌಕ, ಆಡಲು ಎರಡೇ ಬಟನ್, ಮೊದಲ ಲೆವೆಲ್ ಇದ್ದ ಹಾಗೇ, ಒಳಗಿನ ಯಂತ್ರಾಂಗವೆಲ್ಲ ಹೊಸದು.

ಅಕ್ಕನಿಗೂ ಗಿಡ್ಡನಿಗೂ ಹಳೇ ನಂಟು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಸೇರಿದ್ದು ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಅಂಗಡಿಗೆ, ಕಸ ಗುಡಿಸುವ ಕೆಲಸಕ್ಕೆ. ಮೆಕ್ಯಾನಿಕ್ ವಾರಕ್ಕೆರಡು ದಿನ ಕೈಕೊಡುತ್ತಿದ್ದ. ಪೊರಕೆ ಬದಿಗಿಟ್ಟು ಸ್ಕ್ರೂಡ್ರೈವರ್ ಹಿಡಿದವರು ಮತ್ತೆ ಅದನ್ನು ಕೆಳಗಿಡಲಿಲ್ಲ. ಹನ್ನೊಂದು ಯಂತ್ರಗಳನ್ನೂ ಬಿಚ್ಚಿ ಕೂಡಿಸುವುದು ಕರಗತವಾಯಿತು. ಅಂಗಡಿಯ ಬಾಗಿಲು ತೆರೆಯುವ ಮೊದಲು ಗಿಡ್ಡನ ಯಂತ್ರದಲ್ಲಿ ಮೊದಲ ಲೆವೆಲ್ ಆಡಿ ನೋಡುವುದು ದಿನದ ರೂಢಿ. ಪರದೆ ನೋಡುವಂತಿಲ್ಲ. ಮುಖ ಬಾಗಿಲ ಕಡೆ, ಕಿವಿ ಗಿಡ್ಡನ ಹೆಜ್ಜೆಯ ಸದ್ದಿನ ಕಡೆ, ತುಟಿಯಲ್ಲಿ ಎಣಿಕೆ. ನಲವತ್ತಕ್ಕೆ ಲೆವೆಲ್ಲಿನ ಕೊನೆಯ ಬಾವುಟ ಮುಟ್ಟಿದ ಸದ್ದು ಕೇಳಿದರೆ ಯಂತ್ರ ಸರಿಯಿದೆ. ಗಿಡ್ಡ ನಡುವೆ ಬಿದ್ದರೆ ಬಟನ್ನಿನ ಸ್ಪ್ರಿಂಗ್ ಸವೆದಿದೆ ಎಂದು ಲೆಕ್ಕ. “ನೋಡ್ತಾ ಆಡಿದ್ರೆ ಕಣ್ಣು ತಪ್ಪನ್ನ ತಾನೇ ಸರಿ ಮಾಡ್ಕೊಂಡುಬಿಡುತ್ತೆ. ಬೆರಳಿಗೆ ಆ ಕಳ್ಳಾಟ ಗೊತ್ತಿಲ್ಲ” ಎನ್ನುತ್ತಾರೆ.

ಹನ್ನೆರಡು ವರ್ಷಕ್ಕೆ ಅಂಗಡಿ ಮುಚ್ಚಿತು. ಮುಂದಿನ ಹತ್ತೊಂಬತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ. ನಿಂತೂ ನಿಂತೂ ಕಾಲು ಬಾತುಕೊಳ್ಳುತ್ತಿತ್ತು. ಬಲ ಹೆಬ್ಬೆರಳಿಗೆ ಬಿಸಿ ಹಬೆ ತಾಗಿ ಉಗುರು ಸೊಟ್ಟಗೆ ಬೆಳೆಯಿತು. ಆಟದ ಮಾತು ಯಾರ ಹತ್ತಿರವೂ ಎತ್ತಲಿಲ್ಲ. ಮಗಳ ಓದು ಮುಗಿಯಿತು, ಅವಳಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಮನೆ ಸುಧಾರಿಸಿತು. ಮೂರು ವರ್ಷದ ಹಿಂದೆ ಈ ಕಚೇರಿಯವರು ಗುಜರಿಯಿಂದ ಗಿಡ್ಡನ ಹಳೇ ಯಂತ್ರವೊಂದನ್ನು ತಂದು, ಅದು ಜಪ್ಪಯ್ಯ ಅಂದರೂ ಶುರುವಾಗದೆ, ವಿಚಾರಿಸುತ್ತ ವಿಚಾರಿಸುತ್ತ ಲಾಂಡ್ರಿಯ ಬಾಗಿಲಿಗೆ ಬಂದರು. ಅಕ್ಕ ಯಂತ್ರ ರಿಪೇರಿ ಮಾಡಿ, ರೂಢಿಯಂತೆ ಗೋಡೆಯ ಕಡೆ ಮುಖ ಮಾಡಿ ಮೊದಲ ಲೆವೆಲ್ ಮುಗಿಸಿದರು. ಕಚೇರಿಯ ಮಾಲೀಕರು ಬಾಯಿ ಬಿಟ್ಟುಕೊಂಡು ನೋಡಿದರಂತೆ. ಮರುವಾರದಿಂದಲೇ ಅಕ್ಕನಿಗೆ ಇಲ್ಲಿ ಕೆಲಸ.

ಆ ಬೆರಳಿನ ಮೇಲೆ ಸಂಶಯ ಹುಟ್ಟಿದ್ದು ಕಳೆದ ವರ್ಷ, ಬಿಡುಗಡೆಗೆ ಎರಡು ತಿಂಗಳಿದ್ದಾಗ. ಅಲ್ಲಿಯವರೆಗೆ ಗಿಡ್ಡನ ಓಟ, ಜಿಗಿತ ಅಂದಾಜಿನಲ್ಲಿತ್ತು. ಆಟದ ಕೋಡ್ ಬರೆಯುವ ಹುಡುಗಿಗೆ ಗಿಡ್ಡನೆಂದರೆ ಪ್ರಾಣ. ಹಳೇ ಸಾಮಾನಿನ ಅಂಗಡಿಯಲ್ಲಿ ಅವಳಿಗೆ ಮನೆಯ ಟಿವಿಗೆ ಜೋಡಿಸಿ ಆಡುವ ಹಳೆಯ ಸೆಟ್ಟು, ಗಿಡ್ಡನ ಕ್ಯಾಸೆಟ್ಟು ಎರಡೂ ಸಿಕ್ಕಿದ್ದವು. ಒಂದು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು, ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅವನ ಜಿಗಿತವನ್ನು ಅಳೆದು ಹೊಸ ಆಟಕ್ಕೆ ಇಳಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಕೂತು, ಬಾಗಿಲ ಕಡೆ ಮುಖ ಮಾಡಿ, ಎಣಿಸುತ್ತ ಮೊದಲ ಲೆವೆಲ್ ಒಂದು ಸಲ ಆಡಿದರು. ಬಾವುಟದ ಸದ್ದು ಬಂದದ್ದು ನಲವತ್ತೆಂಟಕ್ಕೆ.

ಕಾಲು ನೆಲಕ್ಕೆ ತಡವಾಗಿ ಬರುತ್ತಿದೆ ಎಂದರು ಅಕ್ಕ. ಯಾರಿಗೂ ಒಪ್ಪಿಗೆಯಾಗಲಿಲ್ಲ. ಮೂಲೆಯ ಹಳೇ ಯಂತ್ರದಲ್ಲಿ ನಲವತ್ತಕ್ಕೇ ಮುಗಿಯುತ್ತದಲ್ಲ ಎಂದು ತೋರಿಸಿದರೆ, ಅಂಗಡಿಯ ಯಂತ್ರಗಳನ್ನು ನಾಣ್ಯ ಬೇಗ ನುಂಗಲೆಂದೇ ಜೋರಾಗಿ ಓಡಿಸುತ್ತಿದ್ದರು, ಅಂತರ್ಜಾಲದಲ್ಲೆಲ್ಲ ಹಾಗೇ ಬರೆದಿದೆ ಎಂಬ ಉತ್ತರ ಬಂತು. ಅಕ್ಕನ ಬೆರಳು ಕಲಿತದ್ದೇ ತಪ್ಪು ಜಿಗಿತ ಎಂದು ಎಲ್ಲರೂ ತುಂಬ ನಯವಾಗಿ ಹೇಳಿದರು. ಆ ನಯವೇ ಅವರಿಗೆ ಚುಚ್ಚಿತು. ಬೆರಳನ್ನು ನಂಬುವ ಬದಲು ತಾನೇ ಆಡಿ ಪರೀಕ್ಷಿಸುವ ಪ್ರೋಗ್ರಾಮ್ ತಂದರೆ ಹೇಗೆ ಎಂಬ ಮಾತೂ ಎದ್ದಿತು. ಬೆರಳು ಸುಳ್ಳಾದರೆ ಮತ್ತೆ ಇಸ್ತ್ರಿ ಪೆಟ್ಟಿಗೆಯೇ ಗತಿ ಎಂಬುದು ಅಕ್ಕನಿಗೆ ಗೊತ್ತಿತ್ತು.

“ಹನ್ನೆರಡು ವರ್ಷ ನನ್ನ ಕೈಯಾರೆ ಬಿಚ್ಚಿದೀನಿ. ವೇಗ ಹೆಚ್ಚು ಮಾಡೋ ಸಾಮಾನು ಅದರೊಳಗೆ ಒಂದೂ ಇರ್ಲಿಲ್ಲ. ಇದ್ದಿದ್ರೆ ನನ್ನ ಕಣ್ಣಿಗೆ ಬೀಳದೆ ಇರುತ್ತಾ?” ಎಂದು ಈಗಲೂ ಕೇಳುತ್ತಾರೆ.

ಕೊನೆಗೆ ಒಂದು ಮಧ್ಯಾಹ್ನ, ನೀನು ಅಳೆದ ಕ್ಯಾಸೆಟ್ಟನ್ನೇ ಒಮ್ಮೆ ತೋರಿಸಮ್ಮ ಎಂದು ಹುಡುಗಿಯನ್ನು ಕೇಳಿದರು. ಕೈಗೆ ಬಂದದ್ದನ್ನು ಮಗುಚಿ ಹಿಂಭಾಗ ನೋಡುವುದು ಮೆಕ್ಯಾನಿಕ್ಕಿನ ಚಟ. ಕ್ಯಾಸೆಟ್ಟಿನ ಬೆನ್ನ ಮೇಲೆ ದೂರದ ಯಾವುದೋ ದೇಶದ ಲಿಪಿ ಇತ್ತು. ಅಕ್ಕನಿಗೆ ತಟ್ಟನೆ ಹೊಳೆಯಿತು. ಹಿಂದೊಮ್ಮೆ ಅಂಗಡಿಯ ಗಿರಾಕಿಯೊಬ್ಬರು ಹೊರದೇಶದಿಂದ ಇಂಥದ್ದೇ ಸೆಟ್ಟು ತಂದು, ಗಿಡ್ಡ ತೂಕಡಿಸುತ್ತಾನೆ, ರಿಪೇರಿ ಮಾಡಿ ಎಂದಿದ್ದರು. ರಿಪೇರಿಗೆ ಅಲ್ಲೇನೂ ಇರಲಿಲ್ಲ. ಟಿವಿ ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುವ ದೇಶಕ್ಕೆಂದು ಮಾಡಿದ ಆಟವನ್ನು, ಐವತ್ತೇ ಚಿತ್ರ ತೋರಿಸುವ ದೇಶದಲ್ಲಿ ಇದ್ದ ಹಾಗೇ ಮಾರಿದ್ದರು. ಅಲ್ಲಿ ಗಿಡ್ಡನ ಓಟವೂ ನಿಧಾನ, ಜಿಗಿತವೂ ನಿಧಾನ. ಅಂಗಡಿಯ ಯಂತ್ರ ಓಡುತ್ತಿದ್ದದ್ದು ಅರವತ್ತರಲ್ಲೇ.

ಹುಡುಗಿ ಕ್ಯಾಲ್ಕುಲೇಟರ್ ಹಿಡಿದು ನೆಲದ ಮೇಲೇ ಕೂತಳು. ಅರವತ್ತಕ್ಕೂ ಐವತ್ತಕ್ಕೂ ಯಾವ ಅನುಪಾತವೋ ನಲವತ್ತೆಂಟಕ್ಕೂ ನಲವತ್ತಕ್ಕೂ ಅದೇ. ಅವಳ ಅಳತೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತೂಕಡಿಸುವ ಗಿಡ್ಡನನ್ನು ಅಷ್ಟು ಶ್ರದ್ಧೆಯಿಂದ ಅಳೆದಿದ್ದಳು, ಪಾಪ.

“ಕ್ಷಮಿಸಿ ಅಕ್ಕ” ಎಂದಳಂತೆ. “ಏಳಮ್ಮ, ನೆಲ ತಣ್ಣಗಿದೆ” ಎಂದರಂತೆ ಇವರು.

ಮಾಲೀಕರು ಒಂದು ದಿನ ತಲೆ ಕೆರೆದುಕೊಂಡು ಕೂತು, ಮಾರನೇ ದಿನ ಬಿಡುಗಡೆಯನ್ನು ಹಿಂದಕ್ಕೆ ಹಾಕಿದರು. ಪ್ರೋಗ್ರಾಮಿನ ಮಾತು ಅಲ್ಲಿಗೇ ನಿಂತಿತು. ಗಿಡ್ಡನ ವೇಗ ಸರಿ ಮಾಡಿದ್ದೇ ತಡ, ಅವನ ನಿಧಾನಕ್ಕೆ ಹೊಂದಿಸಿದ್ದ ತೇಲುವ ಹಲಗೆ, ಉರುಳುವ ಬಂಡೆ ಎಲ್ಲವೂ ತಾಳ ತಪ್ಪಿದವು. ಇನ್ನೂರ ಹನ್ನೆರಡು ಗುಂಡಿಗಳಿಗೂ ಅಕ್ಕ ಮೊದಲಿಂದ ಬೀಳಬೇಕಾಯಿತು. ಕೆಲಸದ ದಿನಗಳು ಎಪ್ಪತ್ತು, ನೋಟ್‌ಬುಕ್ಕಿನ ಲೆಕ್ಕದಲ್ಲಿ ಇಪ್ಪತ್ತೆಂಟು ಸಾವಿರ ಸಲ ಬಿದ್ದದ್ದು. ಮೈಮೇಲೆ ಒಂದು ಗೀರೂ ಇಲ್ಲ ನೋಡಿ ಎಂದು ಮೊಣಕೈ ತೋರಿಸಿ ನಗುತ್ತಾರೆ. ಈಗ ಆಟದಲ್ಲಿ ಏನೇ ಸಣ್ಣ ಬದಲಾವಣೆಯಾದರೂ ಆ ಹುಡುಗಿಯೇ ಬಂದು, ಅಕ್ಕ ಒಮ್ಮೆ ಎಣಿಸಿ ಎಂದು ಕುರ್ಚಿ ಎಳೆದುಕೊಡುತ್ತಾಳೆ.

ಆಟ ಮುಂದಿನ ತಿಂಗಳು ಹೊರಬರುತ್ತಿದೆ. ಕಳೆದ ವಾರ ಅದನ್ನು ಆಡಿ ನೋಡಲು ಗಿಡ್ಡನ ಹಳೇ ಅಭಿಮಾನಿಯೊಬ್ಬರನ್ನು ಕರೆಸಿದ್ದರು. ನಲವತ್ತಾರರ ಕ್ರೇನ್ ಆಪರೇಟರ್, ಮಾತು ಕಡಿಮೆ. ಮೂರು ಲೆವೆಲ್ ಆಡಿ, ಕಂಟ್ರೋಲರ್ ಕೆಳಗಿಟ್ಟು, “ಏನೂ ಬದಲಾಗಿಲ್ಲ ಕಣ್ರೀ, ಹಾಗೇ ಇದೆ” ಎಂದು ಟೀ ಕುಡಿದು ಹೊರಟರು. ಮೂರು ವರ್ಷ ಹಗಲಿರುಳು ದುಡಿದವರಿಗೆ ಇಷ್ಟೇನಾ ಎಂದು ಹುಡುಗಿಯ ಮುಖ ಸಣ್ಣದಾಯಿತು. ಅಕ್ಕ ಮಾತ್ರ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗಿ, ಸಂತೋಷಕ್ಕೆ ಕಣ್ಣೊರೆಸಿಕೊಂಡು ಬಂದರು.

ಮುಂದೆ ಏನಾಸೆ ಎಂದು ಕೇಳಿದರೆ, ಸೊಟ್ಟ ಉಗುರನ್ನು ಸವರಿಕೊಳ್ಳುತ್ತಾರೆ.

“ಆಟ ಬಂದಮೇಲೆ ಜನ ಬಣ್ಣ ಚೆನ್ನಾಗಿದೆ ಅನ್ಲಿ, ಸಂಗೀತ ಚೆನ್ನಾಗಿದೆ ಅನ್ಲಿ. ಜಿಗಿತದ ಬಗ್ಗೆ ಮಾತ್ರ ಯಾರೂ ಒಂದು ಮಾತೂ ಆಡಬಾರ್ದು. ಅವತ್ತು ಆ ಮನುಷ್ಯ ಗುಂಡಿ ಬಂದಾಗ ಯೋಚನೇನೇ ಮಾಡ್ಲಿಲ್ಲ, ಹಾರಿಬಿಟ್ರು. ಹಾಗೆ ಹಾರಿಬಿಡ್ಲಿ ಎಲ್ಲರೂ. ನಾನು ಅಷ್ಟು ಸಲ ಬಿದ್ದಿದ್ದು ಅದಕ್ಕೇ ಅಲ್ವಾ?”